ಅರ್ಥ ಹೇಳುವ ಗುಲಾಬಿ

ಬಾಯಾರಿದರೆ "ನೀರು ಉಂಟಾ?" ಎಂದು ಕೇಳಲು ಗುಲಾಬಿಗೆ ಬರುತ್ತಿರಲಿಲ್ಲ. "ಬಳಲಿ ಬಂದಿದ್ದೇನೆ, ಒಂದಿಷ್ಟು ಜಲ ದೊರೆಯಬಹುದೇ?" ಎನ್ನುತ್ತಿದ್ದಳು. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ ಆ ಸಣಕಲು ಹುಡುಗಿ ಶಾಲೆಯ ಬಾವಿಕಟ್ಟೆಯ ಹತ್ತಿರ ಹೀಗೆ ಕೇಳಿದಾಗ ನಾನು ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. ಅವಳು ತಮಾಷೆ ಮಾಡಿದ್ದಲ್ಲ. ಅವಳಿಗೆ ಗೊತ್ತಿದ್ದ ಕನ್ನಡವೇ ಅದು.

ಎಪ್ಪತ್ತರ ದಶಕದ ಮಾತು. ನಾನು ಶಿರ್ವದ ಕೊಂಕಣಿಯವಳು, ಅವಳು ಕಟಪಾಡಿಯ ತುಳುವಿನವಳು. ನಮಗೆಲ್ಲ ಕನ್ನಡವೆಂದರೆ ಯೂನಿಫಾರ್ಮಿನ ಹಾಗೆ, ಬೆಳಿಗ್ಗೆ ಹಾಕಿ ಸಂಜೆ ಕಳಚಿಡುವುದು. ನಾವು ಅದನ್ನು ಪಾಠಪುಸ್ತಕದಿಂದ ಕಲಿತೆವು, ಗುಲಾಬಿ ಕಲಿತದ್ದು ಸೋದರಮಾವನಿಂದ. ಮಾವ ಸಂಜೀವಣ್ಣ ಕಟಪಾಡಿಯಲ್ಲಿ ದರ್ಜಿ, ಬಿಡುವಿದ್ದಾಗ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆ ಯಕ್ಷಗಾನದ್ದೇ ಒಂದು ಬಗೆ, ಆದರೆ ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಿಗೆ ಮಾತು ಕೊಡುತ್ತಾರೆ. ಬರೆದಿಟ್ಟ ಸಂಭಾಷಣೆ ಎಂಬುದಿಲ್ಲ, ಆ ಹೊತ್ತಿಗೆ ಹುಟ್ಟಿದ್ದೇ ಮಾತು. ಅದಕ್ಕೇ 'ಅರ್ಥ ಹೇಳುವುದು' ಎನ್ನುತ್ತಾರೆ. ಸಂಜೀವಣ್ಣ ಮೆಷಿನ್ ತುಳಿಯುತ್ತಾ ಅರ್ಥ ಹೇಳಿದರೆ, ಕೆಳಗೆ ಕುಳಿತು ಗುಂಡಿ ಹೊಲಿಯುತ್ತಾ ಎದುರು ಮಾತು ಕೊಡುತ್ತಿದ್ದವಳು ಈ ಸೊಸೆ.

ನಮ್ಮ ಕ್ಲಾಸಿಗೆ ಇಷ್ಟು ಸಾಕಾಯಿತು. ಅಕ್ಕಿ ಮಿಲ್ಲಿನ ಧಣಿಯ ಮಗಳು ಶೈಲಜಾ ಮಧ್ಯಾಹ್ನದ ಬೆಲ್ಲು ಹೊಡೆದದ್ದೇ ಗುಲಾಬಿಯ ಬುತ್ತಿ ಕಸಿದುಕೊಂಡು ಬೆಂಚು ಹತ್ತುತ್ತಿದ್ದಳು. ಕೆಳಗೆ ಅವಳ ಬಾಲಂಗೋಚಿಗಳು.

"ಅರ್ಥ ಹೇಳಿದರೆ ಅನ್ನ. ರಾಜ ಹಸಿದು ಭಿಕ್ಷೆ ಬೇಡುವುದನ್ನು ಹೇಳು ನೋಡುವ."

ಮೊದಮೊದಲು ಗುಲಾಬಿ ಹೇಳಿದಳು. ಅದೂ ಎಷ್ಟು ಚಂದ ಹೇಳುತ್ತಿದ್ದಳು ಎಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಆ ಕತ್ತೆಗಳ ಮುಂದೆ ಅದು ದಂಡವಾಗುತ್ತಿತ್ತಲ್ಲ ಎಂದು. ಅವರು ನಕ್ಕು ಸುಸ್ತಾದ ಮೇಲೆ ಬುತ್ತಿ ಕಿಟಕಿಯಾಚೆ ಕಾಗೆಗಳ ಪಾಲು. ಆಮೇಲೆ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ನನ್ನ ಬುತ್ತಿಯ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿಯಲ್ಲಿ ಅರ್ಧ ಅವಳಿಗೆ ಹೋಗತೊಡಗಿತು.

"ನಿನಗೆ ಅಳು ಬರುವುದಿಲ್ವಾ?" ಎಂದು ಒಮ್ಮೆ ಕೇಳಿದೆ.

"ಅತ್ತರೆ ಅವರಿಗೆ ಮುಂದಿನ ಪದ್ಯ ಎತ್ತಿಕೊಟ್ಟ ಹಾಗೆ" ಎಂದಳು. ಬುತ್ತಿಯ ಮುಚ್ಚಳ ಹಾಕುತ್ತಾ, "ಶೈಲಜಾ ಬಂದು 'ತಪ್ಪಾಯಿತು' ಎಂಬ ಒಂದು ನುಡಿಯನ್ನು ಆಡಲಿ, ಐರಿನ್. ನನಗೆ ಬೇರೇನೂ ಬೇಡ" ಎಂದಳು.

ಅಷ್ಟು ಸಣ್ಣ ಆಸೆ. ಅದನ್ನು ಹಾಳುಮಾಡಲು ಒಬ್ಬ ಸಾಹಿತಿಯೇ ಬರಬೇಕಾಯಿತು.

ನಮ್ಮ ಕನ್ನಡ ಪಂಡಿತರು ವಾಮನ ಮಾಸ್ಟ್ರು ಕಿಶೋರರಿಗಾಗಿ ಕಾದಂಬರಿ ಬರೆಯುತ್ತಿದ್ದರು. ಎಲ್ಲ ಕಾದಂಬರಿಯಲ್ಲೂ ಒಬ್ಬ ಬಡ ಹುಡುಗ ಅಥವಾ ಹುಡುಗಿ, ಕಾಡುವುದಕ್ಕೆ ಶ್ರೀಮಂತರ ಒಂದು ಮಗು. ಕೊನೆಯ ಅಧ್ಯಾಯದಲ್ಲಿ ಕಾಡಿದವರಿಗೆ ತಪ್ಪದೆ ಜ್ವರ ಬರುತ್ತಿತ್ತು. ಬಡ ಮಗು ಗಂಜಿ ತರಬೇಕು, ಕ್ಷಮಿಸಬೇಕು, ಇಬ್ಬರೂ ಅಪ್ಪಿಕೊಳ್ಳಬೇಕು, ಪುಸ್ತಕ ಮುಗಿಯಬೇಕು. ನಮ್ಮ ಶೈಲಜಾಳಿಗೆ ಒಂದು ಶೀತವೂ ಆಗಲಿಲ್ಲ. ಬುತ್ತಿಯ ವಿಷಯ ಮಾಸ್ಟ್ರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸ್ಟಾಫ್ ರೂಮಿನ ಕಿಟಕಿ ನಮ್ಮ ಕ್ಲಾಸಿಗೇ ತೆರೆದುಕೊಂಡಿತ್ತು. ಅಲ್ಲಿ ಕುಳಿತು ಅವರು ಕರುಣೆಯ ಬಗ್ಗೆ ಬರೆಯುತ್ತಿದ್ದರು.

ವಾರ್ಷಿಕೋತ್ಸವಕ್ಕೆ ತಮ್ಮ ಕಾದಂಬರಿಯನ್ನೇ ನಾಟಕ ಮಾಡಿದರು. ಕಾಡುವವಳು ಶೈಲಜಾ, ಕಾಡಿಸಿಕೊಳ್ಳುವವಳು ಗುಲಾಬಿ. "ಇವರಿಬ್ಬರಾದರೆ ಸಹಜವಾಗಿ ಬರ್ತದೆ" ಎಂದು ನಮ್ಮೆದುರೇ ಹೇಳಿದರು ಮಹಾನುಭಾವರು. ಶೈಲಜಾಳ ಅಪ್ಪ ಶಾಲೆಯ ಕಮಿಟಿಯಲ್ಲಿದ್ದ ಕಾರಣ ಅವಳ ಬಾಯಲ್ಲಿ 'ತಪ್ಪಾಯಿತು' ಎಂಬ ಮಾತನ್ನು ಬರೆದೇ ಇರಲಿಲ್ಲ. ಅವಳು ಕಣ್ಣು ಮುಚ್ಚಿ ಮಲಗಿದರೆ ಸಾಕು. ಕ್ಷಮಿಸುವ ಕೆಲಸ ಪೂರ್ತಿ ಗುಲಾಬಿಯದ್ದು.

ಆ ಸಂಜೆ ಶೈಲಜಾ ಕಂಬಳಿ ಹೊದ್ದು ನರಳಿದಳು. ಗುಲಾಬಿ ಗಂಜಿ ತಂದಳು. 'ಗೆಳತಿ, ನಿನ್ನನ್ನು ಕ್ಷಮಿಸಿದ್ದೇನೆ' ಎಂದು ಅಪ್ಪಿಕೊಳ್ಳಬೇಕಾದಲ್ಲಿ ಬಟ್ಟಲನ್ನು ಬದಿಗಿಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತಳು, ಥೇಟ್ ಸಂಜೀವಣ್ಣನ ಹಾಗೆ.

"ಕ್ಷಮೆ ನನ್ನಲ್ಲಿ ಇಲ್ಲವೆಂದಲ್ಲ ಗೆಳತಿ, ಉಂಟು. ಆದರೆ ಕೇಳದವರ ಬಾಯಿಗೆ ತುರುಕುವುದಕ್ಕೆ ಅದೇನು ಗಂಜಿಯೇ? ದಿನವೂ ನನ್ನ ಅನ್ನವನ್ನು ಕಸಿದುಕೊಂಡೆ. ಇಂದು ಕ್ಷಮೆಯನ್ನೂ ಕೇಳದೆಯೇ ಕಸಿದುಕೊಳ್ಳುವೆಯಾ? ಎದ್ದು ಕುಳಿತುಕೋ. ಕೇಳು. ಕೊಡುತ್ತೇನೆ."

ಎದುರು ಕುಳಿತಿದ್ದವರು ಎಂಥವರು? ಬೆಳಗಿನವರೆಗೆ ತಾಳಮದ್ದಳೆ ಕೇಳಿ ಪಳಗಿದ ಜನ. ಮಾತು ಬಿಗಿಯಾದದ್ದೇ ಎಲ್ಲರೂ ನೆಟ್ಟಗೆ ಕುಳಿತರು. ಹಿಂದಿನಿಂದ ಒಬ್ಬ ಅಜ್ಜ ಶೈಲಜಾಳಿಗೆ, "ಉತ್ತರ ಕೊಡು ಮಗಾ, ಎಂತ ಮಲಗಿದ್ದು?" ಎಂದರು. ಅವಳು ಕಂಬಳಿಯಿಂದ ಒಂದು ಕಣ್ಣು ತೆರೆದು ಮಾಸ್ಟ್ರನ್ನು ನೋಡಿದಳು. ಮಾಸ್ಟ್ರು ಮರೆಯಲ್ಲಿ "ಗಂಜಿ ಕುಡಿಸು, ಗಂಜಿ ಕುಡಿಸು" ಎಂದು ಬುಸುಗುಡುತ್ತಿದ್ದರು. ಪರದೆ ಎಳೆಯಬೇಕಾಗಿದ್ದ ಡ್ರಿಲ್ ಮಾಸ್ಟ್ರು ಹಗ್ಗ ಹಿಡಿದುಕೊಂಡೇ ಅರ್ಥ ಕೇಳುತ್ತಾ ನಿಂತಿದ್ದರು.

ಮರುದಿನ ಅಪ್ಪಣೆಯಾಯಿತು: ಗುಲಾಬಿ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಶೈಲಜಾಳ ಕ್ಷಮೆ ಕೇಳಬೇಕು, ಇಲ್ಲವೇ ಶಾಲೆ ಬಿಡಬೇಕು. ಸಂಜೀವಣ್ಣ ಅಳತೆ ಟೇಪು ಕುತ್ತಿಗೆಯಲ್ಲಿರುವಂತೆಯೇ ಬಂದರು.

"ಅರ್ಥ ಜಾಸ್ತಿಯಾದರೆ ಭಾಗವತ ಮುಂದಿನ ಪದ್ಯ ಎತ್ತಿ ತಡೆಯಬೇಕು ಮಾಸ್ಟ್ರೇ. ಎತ್ತದೆ ಇದ್ದದ್ದು ನೀವು. ಮಗು ಯಾಕೆ ಕ್ಷಮೆ ಕೇಳುವುದು?" ಎಂದು ಕೇಳಿ, ಟಿಸಿ ತೆಗೆದುಕೊಂಡು ಸೊಸೆಯನ್ನು ಕಾರ್ಕಳದಲ್ಲಿದ್ದ ಅವಳ ದೊಡ್ಡಮ್ಮನ ಮನೆಗೆ ಕಳಿಸಿದರು. ಬಾವಿಕಟ್ಟೆಯ ಹತ್ತಿರ ಗುಲಾಬಿ ನನ್ನ ಕೈ ಹಿಡಿದುಕೊಂಡಳು. ನಾನು ಗೋಳೋ ಎಂದು ಅತ್ತೆ. ಮಾಸ್ಟ್ರು ಮುಂದೆ ಆ ನಾಟಕವನ್ನು ಅಚ್ಚು ಹಾಕಿಸಿದರು. ಪುಸ್ತಕದಲ್ಲಿ ಇವತ್ತಿಗೂ ಬಡ ಹುಡುಗಿ ಅಪ್ಪಿಕೊಳ್ಳುತ್ತಾಳೆ.

ಈಗ ನನ್ನ ಮೊಮ್ಮಗಳು ಇಂಥದ್ದೇ ಕಾದಂಬರಿಗಳನ್ನು ರಾಶಿ ರಾಶಿ ಓದುತ್ತಾಳೆ. ನಾನೂ ಇಣುಕಿ ನೋಡುತ್ತೇನೆ. ಜ್ವರದ ಬದಲು ಈಗ ಮನೆಯಲ್ಲಿ ಅಪ್ಪ ಅಮ್ಮನ ಜಗಳ ಬಂದಿದೆ, ಅಷ್ಟೇ ವ್ಯತ್ಯಾಸ. ಕಾಡುವ ಹುಡುಗ ಪಾಪ ಒಳಗೊಳಗೇ ನೊಂದಿರುತ್ತಾನೆ. ಕಾಡಿಸಿಕೊಂಡವಳು ಅವನನ್ನು ಅರ್ಥಮಾಡಿಕೊಳ್ಳಬೇಕಂತೆ. ಅವಳ ಬುತ್ತಿ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಗುಲಾಬಿಯನ್ನು ನಾನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕದಲ್ಲಿ, ಮಣಿಪಾಲದಲ್ಲಿ. ಅಮ್ಮನ ಕಣ್ಣು ತೋರಿಸಲು ಹೋಗಿದ್ದೆ. ಅವಳು ಅಲ್ಲಿ ನರ್ಸ್, ಪರ್ಕಳದಲ್ಲಿ ಬಾಡಿಗೆ ಕೋಣೆ, ಸದ್ಯದಲ್ಲೇ ಮಸ್ಕತ್ತಿಗೆ ಹೊರಡುವವಳಿದ್ದಳು. ಹೋದ ಮೇಲೆ ಕೆಲ ಕಾಲ ಕಾಗದ ಬಂತು, ಆಮೇಲೆ ನಿಂತಿತು. ಅವತ್ತು ಕ್ಯಾಂಟೀನಿನಲ್ಲಿ "ಎರಡು ಚಾ ಕೊಡಿ" ಎಂದು ಎಲ್ಲರ ಹಾಗೆ ಹೇಳಿದಳು.

"ಶೈಲಜಾ ನಮ್ಮ ವಾರ್ಡಿನಲ್ಲಿ ಮಲಗಿದ್ದಳು ಮಾರಾಯ್ತಿ" ಎಂದಳು. "ಜ್ವರ."

"ಜ್ವರವಾ!"

"ಹೌದು. ಗಂಜಿ ಕುಡಿಸಿದ್ದೂ ನಾನೇ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. "ಗುರುತು ಹಿಡಿದು ಕೈ ಹಿಡಿದುಕೊಂಡಳು. ಅತ್ತಳು. 'ತಪ್ಪಾಯಿತು ಗುಲಾಬಿ' ಅಂದಳು. 'ಈಗ ಜ್ವರದಲ್ಲಿ ಮಾತಾಡ್ತಾ ಇದ್ದೀರಿ, ಇಳಿದ ಮೇಲೆ ಹೇಳಿ' ಅಂದೆ."

"ಸರಿಯಾಗಿ ಹೇಳಿದೆ. ಇಳಿದ ಮೇಲೆ ಹೇಳಿದಳಾ?"

"ಮನೆಗೆ ಹೋಗುವ ದಿನ ಬೆಳಿಗ್ಗೆ ಅವಳ ಮಂಚದ ಹತ್ತಿರವೇ ಓಡಾಡಿದೆ. 'ಸಿಸ್ಟರ್, ನನ್ನ ಬಾಚಣಿಗೆ ಎಲ್ಲಿ ಉಂಟು?' ಅಂತ ಕೇಳಿದಳು. ಹುಡುಕಿ ಕೊಟ್ಟೆ. ತಲೆ ಬಾಚಿಕೊಂಡು ಹೋದಳು."

ನಾನು ಶೈಲಜಾಳನ್ನು ಬಾಯಿಗೆ ಬಂದಂತೆ ಬೈದೆ. ಗುಲಾಬಿ ತಣಿದ ಚಾವನ್ನು ಚಮಚದಲ್ಲಿ ಕಲಕಿದಳು.

"ಅವತ್ತು ನನಗೆ ರಜೆ, ಐರಿನ್" ಎಂದಳು. "ಯೂನಿಫಾರ್ಮ್ ಹಾಕಿಕೊಂಡು ಪರ್ಕಳದಿಂದ ಬಸ್ಸಿನಲ್ಲಿ ಬಂದಿದ್ದೆ."