ಒಂದು ವೇಳೆ ಮೇಷ್ಟ್ರು

ಮನೆಯ ಮುಂದಿನ ಕೋಣೆಯಲ್ಲಿ ಸ್ಪ್ಯಾನಿಷ್ ಪಾಠ ಹೇಳುವ ಮೇಷ್ಟ್ರಿಗೆ ಹೆದರಿಕೆಯೇ ಹೊಟ್ಟೆಪಾಡು ಎಂದು ಅವರ ಹೆಂಡತಿ ನಗುತ್ತಿದ್ದಳು. 'ಎನ್ ಕಾಸೊ ದೆ ಕೆ' ಅಂದರೆ ಒಂದು ವೇಳೆ, 'ಆ ಮೇನೊಸ್ ಕೆ' ಅಂದರೆ ಹಾಗಾಗದ ಹೊರತು; ಇವುಗಳ ನಂತರ ಬರುವ ಕ್ರಿಯಾಪದ ಇನ್ನೂ ನಡೆಯದ್ದರ ರೂಪ ತಾಳಬೇಕು ಎಂದು ಅವರು ಕಲಿಯುವವರ ತಲೆಗೆ ತುಂಬುತ್ತಿದ್ದರು. ಉದಾಹರಣೆಗಳಲ್ಲಿ ಸೇತುವೆ ಕುಸಿಯುತ್ತಿತ್ತು, ಲಿಫ್ಟ್ ನಡುವೆ ನಿಲ್ಲುತ್ತಿತ್ತು, ಸಾಕಿದ ನಾಯಿಗೆ ಹುಚ್ಚು ಹಿಡಿಯುತ್ತಿತ್ತು. "ಮೇಷ್ಟ್ರೇ, ಒಂದು ಮದುವೆನಾದ್ರೂ ಮಾಡ್ಸಿ" ಎಂದು ಹಿಂದಿನ ಬೆಂಚಿನವರು ಕಾಲೆಳೆದರೆ, "ಮಾಡ್ಸೋಣ, ಚಪ್ಪರಕ್ಕೆ ಬೆಂಕಿ ಬೀಳದ ಹೊರತು" ಎನ್ನುತ್ತಿದ್ದರು. ಬಿರುಬಿಸಿಲಲ್ಲೂ ಕೊಡೆ, ಜೇಬಿನಲ್ಲಿ ಟಾರ್ಚು, ಕಾಲುಚೀಲದೊಳಗೆ ಇನ್ನೊಂದು ಬೀಗದ ಕೈ. ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಹತ್ತಿದ ಬಸ್ಸು ಇಳಿದು ಬರುತ್ತಿದ್ದರು. ಹೆಂಡತಿಗೆ ಹೃದಯದ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ ಮೇಲೆ ಮಾತ್ರ 'ಒಂದು ವೇಳೆ' ಎಂಬ ಮಾತನ್ನೇ ಬಿಟ್ಟರು. ಆಪರೇಷನ್ ದಿನ ಬೆಳಿಗ್ಗೆ, "ರೀ, ಒಂದು ವೇಳೆ ನಾನು..." ಎಂದು ಅವಳು ಶುರು ಮಾಡಿದರೆ, "ಕಿಟಕಿ ತೆಗೀಲಾ? ಸೆಕೆ" ಎಂದರು. ಆಗಲೇ ತೆರೆದಿದ್ದ ಕಿಟಕಿಯ ಚಿಲಕ ಹುಡುಕತೊಡಗಿದರು. ಲೋಕದ ಅಪಾಯಕ್ಕೆಲ್ಲ ಸಿದ್ಧನಾಗಿದ್ದ ಗಂಡ ಇದೊಂದಕ್ಕೆ ಯಾವ ತಯಾರಿಯನ್ನೂ ಮಾಡಿಕೊಂಡಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ತನ್ನ ಎದೆಯ ಚಿಂತೆ ಹೋಗಿ ಅವರ ಚಿಂತೆ ಹತ್ತಿತು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಅವಳು ನರ್ಸಮ್ಮನ ಕೈ ಹಿಡಿದು ಹೇಳಿದಳು: "ಆಚೆ ನಿಂತಿದಾರಲ್ಲ, ಅವ್ರಿಗೆ ಹಸಿವಾದ್ರೂ ಗೊತ್ತಾಗಲ್ಲ ಕಣಮ್ಮ. ಊಟ ಮಾಡಿ ಅಂತ ಯಾರಾದ್ರೂ ಹೇಳ್ಬೇಕು."