ಬಾಳೆಗಿಡದ ನೋಟು

ಇಂಡಿಯನ್ ಗ್ರೋಸರಿಗೆ ಈ ಬೆಳಿಗ್ಗೆ ಬಾಳೆಕಂದು ಬಂದಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಾಗಿಲಿಗೆ ಕಟ್ಟಲೆಂದು ಒಂದು ಜೋಡಿ ಎತ್ತಿಕೊಂಡು ಸಾಲಿನಲ್ಲಿ ನಿಂತೆ. ಹಸಿ ದಿಂಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ದೇವರಿಗಿಂತ ಮೊದಲು ನನಗೆ ಒಂದು ನೋಟು ನೆನಪಾಯಿತು.

ನಾನು ದಿನಚರಿ ಬರೆಯುವ ಆಸಾಮಿ. ಎರಡು ಸಾವಿರನೇ ಇಸವಿಯಲ್ಲಂತೂ ಎರಡು ಸಂಗತಿ ತಪ್ಪದೆ ಬರೆಯುತ್ತಿದ್ದೆ: ಏನು ಉಂಡೆ, ನಮ್ಮ ಕಂಪನಿಯ ಷೇರು ಎಷ್ಟಕ್ಕೆ ನಿಂತಿತು. ಆಗ ನೀವು ಡಾಲರಿನ ಈ ನಾಡಿನಲ್ಲಿ ಇದ್ದಿದ್ದರೆ ನೀವೂ ಅದನ್ನೇ ಬರೆಯುತ್ತಿದ್ದಿರಿ.

ಆ ವರ್ಷದ ಹಬ್ಬಕ್ಕೆ ಅರ್ಧ ದಿನ ರಜೆ ಹಾಕಿ, ಸಹೋದ್ಯೋಗಿ ಶ್ರೀಧರನ ಅಪಾರ್ಟ್‌ಮೆಂಟಿಗೆ ಊಟಕ್ಕೆ ಹೋಗಿದ್ದೆ. ಕಳಶದ ಮುಂದಿನ ತಟ್ಟೆಯಲ್ಲಿ ಒಡವೆಗಳ ಜೊತೆಗೆ ಅವನ ಷೇರು ಪತ್ರ. ಇಟ್ಟವರು ಅವನ ತಾಯಿ, ಮಂಡ್ಯದ ಕಡೆಯವರು. ಶ್ರೀಧರ ಪಕ್ಕದ ಊರು ಮಾರ್ಗನ್ ಹಿಲ್‌ನಲ್ಲಿ ಮನೆ ನೋಡಿದ್ದ. ಷೇರು ಮಾರಿ ಮುಂದಿನ ವಾರ ಮುಂಗಡ ಕಟ್ಟಬೇಕು. ಕಂಪನಿಯ ನಿಯಮದಂತೆ ನೌಕರರು ಮಾರಲು ಅವತ್ತೇ ಕಡೆಯ ದಿನ, ಆಮೇಲೆ ಕೆಲವು ತಿಂಗಳು ಮಾರುವಂತಿಲ್ಲ. ನಮ್ಮ ಪಶ್ಚಿಮ ತೀರದ ಗಡಿಯಾರದಲ್ಲಿ ಮಧ್ಯಾಹ್ನ ಒಂದಕ್ಕೇ ಷೇರು ಮಾರುಕಟ್ಟೆ ಮುಚ್ಚುತ್ತದೆ. ತಪ್ಪಿದರೆ ಮನೆ ಬೇರೆಯವರ ಪಾಲು.

"ಹಬ್ಬದ ಶುಕ್ರವಾರ ಯಾರಾದ್ರೂ ಲಕ್ಷ್ಮೀನ ಆಚೆ ಕಳಿಸ್ತಾರೇನೋ? ಸೋಮವಾರ ಮಾರ್ಕೊ," ಎಂದರು ತಾಯಿ.

"ಸೋಮವಾರ ಬಿಡಲ್ಲಮ್ಮ!"

"ನಿಮ್ಮ ಕಂಪನಿಯೋರಿಗೆ ಹೇಳು, ಅಮ್ಮ ಬ್ಯಾಡ ಅಂದ್ರು ಅಂತ."

ಶ್ರೀಧರನ ಹೆಂಡತಿ ಸುಮಾ ಒಂದು ಕೈಯಲ್ಲಿ ಕಾರ್ಡ್‌ಲೆಸ್ ಫೋನು ಹಿಡಿದೇ ಹೋಳಿಗೆ ಬಡಿಸಿದಳು. ಗಡಿಯಾರ ಹನ್ನೆರಡೂವರೆ ದಾಟಿತ್ತು.

ಮಾತು ಬದಲಿಸಲೆಂದು ನಾನು ತಟ್ಟೆಯಲ್ಲಿದ್ದ ಹಳೇ ನೋಟೊಂದನ್ನು ತೋರಿಸಿ, "ಇದು ಯಾವ ದೇಶದ್ದಮ್ಮ?" ಎಂದೆ. ಅದರ ಮೇಲೆ ಬಾಳೆಗಿಡದ ಚಿತ್ರ, ಗೊನೆ ಸಮೇತ.

"ಮಲಯದ್ದು ಕಣಪ್ಪ. ನಮ್ಮಪ್ಪ ಅಲ್ಲಿ ರಬ್ಬರ್ ತೋಟದಲ್ಲಿ ಗುಮಾಸ್ತರು. ಯುದ್ಧದಲ್ಲಿ ಜಪಾನಿನೋರು ದೇಶ ಹಿಡ್ಕೊಂಡು ಈ ನೋಟು ಅಚ್ಚು ಹಾಕಿದ್ರು. ನಮ್ಮನೇಲಿ ಪೆಟ್ಟಿಗೆ ತುಂಬ ಇತ್ತು. ಕಡೇಲಿ ಅವ್ವಂಗೆ ಮಲೇರಿಯಾ ಬಂತು. ಔಷಧಿ ಅಂಗಡಿಯೋನು, ಪೆಟ್ಟಿಗೆ ತಂದ್ಕೊಡಿ, ಕ್ವಿನೈನ್ ಕೊಡ್ತೀನಿ ಅಂದ. ಅವತ್ತು ಶುಕ್ರವಾರ. ದುಡ್ಡು ಆಚೆ ಹೋಗಬಾರದು, ನಾಳೆ ಕೊಟ್ರಾಯ್ತು ಅಂದ್ರು ಅಪ್ಪ. ಬೆಳಿಗ್ಗೆ ಹೋದ್ರೆ, ಜಪಾನು ಸೋತೋಯ್ತಂತೆ ಅಂತ ಊರೆಲ್ಲ ಸುದ್ದಿ. ಅವನು ನೋಟು ಮುಟ್ಟಲೇ ಇಲ್ಲ. ಅವ್ವ..."

ತುಪ್ಪ ಬಡಿಸುತ್ತಿದ್ದ ತಾಯಿಯ ಕೈ ಬಾಗಿದಂತೆಯೇ ನಿಂತಿತು. ನನ್ನ ಹೋಳಿಗೆ ತುಪ್ಪದಲ್ಲಿ ಮುಳುಗಿತು. ಸಾಕು ಅನ್ನುವ ಧೈರ್ಯ ನನಗಿರಲಿಲ್ಲ. ಅವರು ಮಗನ ಕಡೆ ತಿರುಗಿದರು.

"ನಿನ್ನ ಕಾಗದ ತಗೊಳ್ಳೋರು ಈಗ ಇದ್ದಾರೇನೋ?"

"ಒಂದು ಗಂಟೆವರೆಗೂ ಇದ್ದಾರೆ."

ಷೇರು ಪತ್ರವನ್ನು ತಾವೇ ಎತ್ತಿ, ಕುಂಕುಮ ಕೊಡವಿ, ಅವನ ಕೈಗಿಟ್ಟರು. "ಫೋನ್ ಮಾಡು. ಊಟ ಆಮೇಲೆ."

ಸುಮಾ ಆಗಲೇ ಷೇರು ದಲ್ಲಾಳಿಯ ನಂಬರು ಒತ್ತುತ್ತಿದ್ದಳು. ಆ ಕಡೆಯವರು ಸಂಗೀತ ಕೇಳಿಸುತ್ತ ಕಾಯಿಸಿದರು. ಹಾಳಾದ ಸಂಗೀತ, ಮುಗಿಯಲೇ ಒಲ್ಲದು. ನಾವೆಲ್ಲ ಎಂಜಲು ಕೈಯಲ್ಲೇ ಗಡಿಯಾರ ನೋಡುತ್ತ ಕುಳಿತೆವು. ಇನ್ನೇನು ಒಂದು ಹೊಡೆಯಬೇಕು ಅನ್ನುವಾಗ ಶ್ರೀಧರ, "ಆಯ್ತು," ಎಂದ.

ಆ ಕಂಪನಿ ಈಗಿಲ್ಲ. ಷೇರಿನ ಬೆಲೆ ಬರೆಯುತ್ತಿದ್ದ ಸಾಲಿನಲ್ಲಿ ಈಗ ಹವಾಮಾನ ಬರೆಯುತ್ತೇನೆ. ಈ ಬಾಳೆಕಂದು ಮಾರ್ಗನ್ ಹಿಲ್‌ನ ಅದೇ ಮನೆಯ ಬಾಗಿಲಿಗೆ. "ಎಳೇದು ನೋಡಿ ತಗೊಂಬಾಪ್ಪ," ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಾರೆ.

ನನ್ನ ಸರದಿ ಬಂತು. ಅಂಗಡಿಯವನು ನನ್ನ ಇಪ್ಪತ್ತು ಡಾಲರಿನ ನೋಟನ್ನು ಬೆಳಕಿಗೆ ಹಿಡಿದು ನೋಡಿದ. ಹಿಂದೆಲ್ಲ ಇದಕ್ಕೆ ರೇಗುತ್ತಿದ್ದೆ. ಈ ಸಲ, ಅವನು ಅದನ್ನು ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವವರೆಗೆ ಉಸಿರು ಬಿಗಿಹಿಡಿದು ನಿಂತೆ.