ಕಾಗೆ ಮುಟ್ಟಿದವನ ವೀಸಾ

ನನ್ನ ಮೇಜಿನ ಡ್ರಾವರಿನಲ್ಲಿ, ಸತ್ತ ಬ್ಯಾಟರಿಗಳು ಮತ್ತು ಮುಚ್ಚಳ ಕಳೆದ ಪೆನ್ನುಗಳ ಸಹವಾಸದಲ್ಲಿ, ನನ್ನವೇ ಕೆಲವು ಭಾವಚಿತ್ರಗಳು ಬಿದ್ದುಕೊಂಡಿವೆ. ಅವುಗಳನ್ನು ನೋಡಿದವರು ಯಾರೂ ಇದುವರೆಗೆ ನನ್ನನ್ನು ಹೊಗಳಿಲ್ಲ. ತಪ್ಪು ಛಾಯಾಗ್ರಾಹಕನದಲ್ಲ, ಹಿಮ ಬೀಳುವ ಒಂದು ದೇಶಕ್ಕೆ ಪ್ರವಾಸಿಯಾಗಿ ಹೋಗಬಯಸುವವನ ಮುಖ ಹೇಗಿರಬೇಕೆಂದು ಆ ದೇಶದ ದೂತಾವಾಸವೇ ವಿಧಿಸಿದೆ: ನಗಬಾರದು, ಹಲ್ಲು ಕಾಣಬಾರದು, ರೆಪ್ಪೆ ಬಡಿಯಬಾರದು, ಹಿಂದಿನ ಗೋಡೆಯ ಮೇಲೆ ನೆರಳು ಬೀಳಬಾರದು. ನಾನು ಬೆಳೆದ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಬದಿಗೆ ಆಡುತ್ತಿದ್ದ ನಮಗೆಲ್ಲ ಗೊತ್ತಿದ್ದ ಸಂಗತಿಯೊಂದಿತ್ತು. ನಗದ, ರೆಪ್ಪೆ ಬಡಿಯದ, ನೆರಳಿಲ್ಲದ ಮನುಷ್ಯ ಎದುರಾದರೆ, ಅವನ ಪಾದಗಳು ಯಾವ ಕಡೆಗೆ ತಿರುಗಿವೆಯೆಂದು ನೋಡುತ್ತ ನಿಲ್ಲದೆ ಮನೆಗೆ ಓಡಬೇಕು. ದೂತಾವಾಸದಲ್ಲಿ ಇಬ್ರಾಹಿಂಪುರದವರು ಯಾರೂ ಕೆಲಸಕ್ಕಿಲ್ಲವಾದ್ದರಿಂದ ಈ ಸಾಮ್ಯ ಅವರ ಗಮನಕ್ಕೆ ಬಂದಿರಲಾರದು.

ನಾನಿರುವುದು ಮಸ್ಕತ್ತಿನಲ್ಲಿ, ತಿಕೋಟಾ ಸೀಮೆಯ ಒಣದ್ರಾಕ್ಷಿಯನ್ನು ಅಲ್ಲಿಯ ಅಂಗಡಿಗಳಿಗೆ ಒಪ್ಪಿಸುವ ಘನಕಾರ್ಯದಲ್ಲಿ. ಬಿಸಿಲಲ್ಲಿ ಹುಟ್ಟಿ, ಅದಕ್ಕಿಂತ ಕಡು ಬಿಸಿಲಿಗೆ ಹೋಗಿ ನೆಲೆಸಿದ ನನಗೆ ಒಮ್ಮೆ ಹಿಮವನ್ನು ಅಂಗೈಯಲ್ಲಿ ಹಿಡಿದು ನೋಡಬೇಕೆನ್ನಿಸಿದ್ದು ಅಪರಾಧವೇನಲ್ಲ. ಆದರೆ ಪರದೇಶದಲ್ಲಿ ಕುಳಿತು ಮತ್ತೊಂದು ಪರದೇಶಕ್ಕೆ ವೀಸಾ ಕೇಳುವವನು ಎರಡು ಪಟ್ಟು ಸಂಶಯಾಸ್ಪದ ಪ್ರಾಣಿ. ಸ್ವಂತ ಊರಿನಲ್ಲಿ ನಿಲ್ಲದವನು ಬಾಡಿಗೆಯ ಊರಿಗೆ ಮರಳುವನೆಂದು ಯಾರು ನಂಬುತ್ತಾರೆ? ಹಾಗಾಗಿ ಸ್ವದೇಶದಲ್ಲಿ ನನ್ನನ್ನು ಬಲ್ಲವರೊಬ್ಬರ ಫೋನ್ ನಂಬರ್ ಕೇಳಿದರು. ನಾನು ತಿಕೋಟಾದ ಆಚೆ ಬಿಜ್ಜರಗಿಯಲ್ಲಿರುವ ಸೋದರಮಾವನದನ್ನು ಕೊಟ್ಟೆ. ಅಪ್ಪ ತೀರಿಕೊಂಡ ಮೇಲೆ ಅಕ್ಕನಿಗೂ ನನಗೂ ಅಪ್ಪನೇ ಆದವನು ಅವನು. ನನ್ನನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಇನ್ನಾರು?

ಅರ್ಜಿ ಕೊಟ್ಟು ಕಾಯುತ್ತಿದ್ದ ದಿನಗಳಲ್ಲಿ, ಒಂದು ಮುಂಜಾನೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿರುವಾಗ ಮಸ್ಕತ್ತಿನ ಕಾಗೆಯೊಂದು ನನ್ನ ತಲೆಗೆ ಬಡಿದು ಹಾರಿಹೋಯಿತು. ಬಬಲೇಶ್ವರದಲ್ಲಿರುವ ಶಾಂತಕ್ಕನಿಗೆ ಫೋನಿನಲ್ಲಿ ಇದನ್ನು ತಮಾಷೆಯೆಂದೇ ಹೇಳಿದೆ.

“ಯಾವ ಕಡಿ ಬಡೀತು?”

“ನಡುನೆತ್ತಿ ಮ್ಯಾಲ ಅಕ್ಕಾ. ಕೂದಲಿಲ್ಲದ ಜಾಗಾ ನೋಡಿ ಇಳದಿತ್ತೇನೋ, ಪಾಪ.”

“ನಗಬ್ಯಾಡಲೇ ಮಲ್ಯಾ. ಸುಮ್ನ ಮನ್ಯಾಗ ಕೂಡು. ಮುಂದಿಂದು ನಾ ನೋಡ್ಕೋತೀನಿ.”

ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಸಾವು ವಿಳಾಸ ಕೇಳಿಕೊಂಡು ಹೊರಟಿದೆಯೆಂದು ಅರ್ಥ. ಪರಿಹಾರವೂ ಇದೆ. ಆ ಮನುಷ್ಯ ಸತ್ತೇಹೋದನೆಂದು ಕರುಳಿನ ಸಂಬಂಧಿಯೊಬ್ಬರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಆ ಕಣ್ಣೀರನ್ನು ಕಂಡ ಸಾವು, ತನ್ನ ಕೆಲಸ ಆಗಲೇ ಮುಗಿದಿದೆಯೆಂದು ತಿಳಿದು, ಯಾವ ಕಚೇರಿಯ ಯಾವ ಅಧಿಕಾರಿಯೂ ತೋರದಷ್ಟು ಸರಳ ನಂಬಿಕೆಯಿಂದ ಬಂದ ದಾರಿ ಹಿಡಿಯುತ್ತದೆ. ಸಂಜೆಗೆ ನಿಜ ಹೇಳಿದರಾಯಿತು. ಅಕ್ಕ ಈ ಶಾಸ್ತ್ರಕ್ಕೆ ಆರಿಸಿಕೊಂಡದ್ದು, ನೀವು ಊಹಿಸಿದಂತೆ, ಮಾವನನ್ನು.

ದೂತಾವಾಸದವರು ಬಿಜ್ಜರಗಿಗೆ ಫೋನು ಹಚ್ಚಿದ್ದು ಅದೇ ಮಧ್ಯಾಹ್ನ.

“ಮಲ್ಲು ಏನ್ರಿ? ಅಂವಾ ಹ್ವಾದ್ನರಿ ಸಾಹೇಬ್ರ,” ಎಂದನಂತೆ ಮಾವ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ. ಆ ಕಡೆಯವರಿಗೆ ತಿಳಿಯಲಿಲ್ಲವೆಂದು ತನಗೆ ಬರುವ ಹಿಂದಿಯಲ್ಲೂ ಹೇಳಿದ: “ಗುಜರ್ ಗಯಾ.”

ಮುಂದಿನ ವಾರ ನನ್ನನ್ನು ಕರೆಸಿದ ಗಾಜಿನ ಕಿಟಕಿಯ ಹಿಂದಿನ ಅಧಿಕಾರಿ ಸಭ್ಯ ಮನುಷ್ಯ. ನನ್ನ ಭಾವಚಿತ್ರವನ್ನು ನೋಡಿದ, ನನ್ನನ್ನು ನೋಡಿದ, ಭಾವಚಿತ್ರವನ್ನೇ ಹೆಚ್ಚು ನಂಬಿದಂತೆ ಕಂಡ. “ವಿಚಾರಣೆಯ ಪ್ರಕಾರ ನೀವು ತೀರಿಕೊಂಡಿದ್ದೀರಿ,” ಎಂದ. “ತಾತ್ಕಾಲಿಕವಾಗಿ,” ಎಂದೆ. ಅನಂತರ ಕಾಗೆಯ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ನಿವೇದಿಸಿದೆ. ಕಾಗೆಗೆ ಇಂಗ್ಲಿಷು ಒಗ್ಗುವುದಿಲ್ಲವೆಂದು ಅಂದು ತಿಳಿಯಿತು. ವೀಸಾ ನಿರಾಕರಣೆಗೆ ಅವರು ಕೊಟ್ಟ ಕಾರಣ ಒಂದೇ ಸಾಲಿನದು: ಅರ್ಜಿದಾರರು ಪ್ರವಾಸ ಮುಗಿಸಿ ಮರಳಿ ಹೋಗುವರೆಂಬ ಭರವಸೆ ಮೂಡಿಲ್ಲ. ಸತ್ತವನ ಬಗ್ಗೆ ಇದಕ್ಕಿಂತ ನ್ಯಾಯಸಮ್ಮತವಾದ ಮಾತು ಯಾರು ಬರೆದಾರು?

ಇಷ್ಟಕ್ಕೇ ಮುಗಿದಿದ್ದರೆ ನಿಮಗೊಂದು ಹಾಸ್ಯಪ್ರಸಂಗ ಹೇಳಿ ಚಹಾ ಕುಡಿಸಿ ಕಳಿಸುತ್ತಿದ್ದೆ. ಆದರೆ ಅಕ್ಕನ ಫೋನು ಬಂತು, ದನಿಯಲ್ಲಿ ಅಳುಕಿತ್ತು.

“ಮಾಮಾಗ ಅವತ್ತ ಸಂಜೀಕ ಖರೇ ಹೇಳೀನೋ ತಮ್ಮಾ. ನಕ್ಕ, ಉಂಡ, ಮಲಗಿದ. ಮುಂಜಾನೆದ್ದು ಮತ್ತ ‘ಮಲ್ಯಾ ಹ್ವಾದ’ ಅಂತ ಅಳಾಕತ್ತ. ದಿನಾ ಹಿಂಗ ಆಗೇತಿ. ನಾವು ಹೇಳಿದ್ದು ಮರೀತಾನ, ನೀ ಸತ್ತಿದ್ದು ಮರ್ಯೂದಿಲ್ಲ. ಒಮ್ಮೆ ಬಂದು ಕಣ್ಣ ಮುಂದ ನಿಂದ್ರು. ಇಲ್ಲಂದ್ರ ಅತ್ತ ಅತ್ತ ಹೋಗಿಬಿಡ್ತಾನ.”

ಮುಪ್ಪಿನಲ್ಲಿ ಮರೆವು ಒಂದು ಜರಡಿಯಂತೆ. ಸಣ್ಣ ಸಂತೋಷಗಳು ಉದುರಿಹೋಗಿ ದೊಡ್ಡ ದುಃಖವೊಂದೇ ಮೇಲೆ ನಿಲ್ಲುತ್ತದೆ. ಆ ಕಣ್ಣೀರು ನನ್ನ ಸಲುವಾಗಿ ಸುರಿದದ್ದು. ಅದನ್ನು ನಿಲ್ಲಿಸಬೇಕಾದವನೂ ನಾನೇ ಎಂದು ಹೊರಟೆ.

ವಿಜಯಪುರದಲ್ಲಿ ಇಳಿದು ಇಬ್ರಾಹಿಂಪುರದ ಓಣಿ ಹೊಕ್ಕಾಗ ಬಾಲ್ಯದ ಗೆಳೆಯ, ದರ್ಜಿ ಬಶೀರ, ನನ್ನನ್ನು ಕಂಡು ಹೊಲಿಗೆ ಯಂತ್ರದ ತುಳಿತ ನಿಲ್ಲಿಸಿದ. ಎದ್ದು ಬಂದು ಮೊದಲು ನನ್ನ ಮುಂಗೈ ಮುಟ್ಟಿದ.

“ಬೆಚ್ಚಗ ಐತಿ,” ಎಂದು ತನಗೇ ಹೇಳಿಕೊಂಡ. “ಅಲ್ಲೋ ಮಾರಾಯಾ, ನಾ ನಿನ್ನ ಸಲುವಾಗಿ ದುವಾ ಮಾಡೇನಲ್ಲೋ!”

“ಇರ್ಲಿ ಬಿಡೋ, ವಾಪಸ್ ತಗೋಬ್ಯಾಡ. ಮುಂದ ಬೇಕಾಗತೈತಿ.”

ಅವನು ನಕ್ಕ, ಆದರೆ ನಾನು ಓಣಿ ದಾಟುವವರೆಗೂ ಯಂತ್ರದ ಸದ್ದು ಮತ್ತೆ ಶುರುವಾಗಲಿಲ್ಲ. ಮಿತ್ರರೇ, ಸಾವಿನ ಸುದ್ದಿಗೆ ಯಾವ ಗಡಿಯಲ್ಲೂ ತಡೆಯಿಲ್ಲ. ಬದುಕಿದ್ದಾನೆಂಬ ಸುದ್ದಿ ಮಾತ್ರ ಪ್ರತಿ ಬಾಗಿಲಲ್ಲೂ ಆಧಾರ ತೋರಿಸಿ ಒಳಗೆ ಹೋಗಬೇಕು.

ತಿಕೋಟಾದಲ್ಲಿ ಅಕ್ಕ ಜೊತೆಯಾದಳು. ಬಿಜ್ಜರಗಿ ಮುಟ್ಟಿದಾಗ ಸುಡು ಮಧ್ಯಾಹ್ನ. ದ್ರಾಕ್ಷಿ ತೋಟದಲ್ಲಿ ಎಲೆಯಲುಗುತ್ತಿರಲಿಲ್ಲ, ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆಯಿಟ್ಟು ನಿಂತಿದ್ದವು. ಗುರುತಿಲ್ಲದವರನ್ನು ಹರಿದು ತಿನ್ನುವಂತೆ ಬೊಗಳುವ ಮಾವನ ನಾಯಿ ಅಕ್ಕನನ್ನು ಮೂಸಿ ಬಾಲವಾಡಿಸಿ, ನನ್ನ ಕಡೆ ನೋಡದೆಯೇ ಹೋಗಿ ಮಲಗಿತು.

ಮಾವ ಶೆಡ್ಡಿನಲ್ಲಿ ಹೊರಸಿನ ಮೇಲೆ ಕುಳಿತಿದ್ದ. ಹೌಹಾರುವನೆಂದು ಅಂಜಿದ್ದೆವು. ಅವನು ನಿಧಾನವಾಗಿ ಪಕ್ಕಕ್ಕೆ ಸರಿದ.

“ಬಂದ್ಯಾ? ಕೂಡು.”

“ಮಾಮಾ, ನಾ ಸತ್ತಿಲ್ಲ. ಇಲ್ಲೆ ನೋಡು, ಕೈ ಮುಟ್ಟು.”

ಮುಟ್ಟಿದ. ಬಹಳ ಹೊತ್ತು ಸವರಿದ. ಆಮೇಲೆ ಮಗುವನ್ನು ರಮಿಸುವ ದನಿಯಲ್ಲಿ ಹೇಳಿದ: “ಮೊದಮೊದಲ ಎಲ್ಲಾರೂ ಹಂಗ ಅಂತಾರಪಾ. ನಿಮ್ಮ ಅತ್ತಿನೂ ಹಂಗ ಅಂತಿದ್ಲು.”

ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿವೆ. ಅವಳು ಯಾವಾಗ ಬಂದು ಹೀಗೆ ಹೇಳುತ್ತಿದ್ದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ನನ್ನ ಕಿವಿಯ ಹತ್ತಿರ ಬಾಗಿದ. ಕಣ್ಣಲ್ಲಿ ದುಃಖದ ಬದಲು ಭಯ ಕಂಡಿತು. ಅದು ನನ್ನ ಸಾವಿನದಲ್ಲ, ತನ್ನದರ ಭಯ.

“ಮಲ್ಯಾ, ಅಲ್ಲೆ ಒಳಗ ಬಿಡೂಕಿಂತ ಮೊದಲ ಏನರ ಕೇಳ್ತಾರೇನು? ನನಗ ಓದಾಕ ಬರಿಯಾಕ ಬರೂದಿಲ್ಲ.”

ನಿಜ ಹೇಳಲೆಂದೇ ಬಂದವನು ನಾನು. ಆದರೆ ನಿಜಕ್ಕೆ ಅಲ್ಲಿ ಕೂರಲು ಜಾಗವಿರಲಿಲ್ಲ. “ಕೇಳ್ತಾರ ಮಾಮಾ,” ಎಂದೆ. “ಯಾರ ಮನ್ಯಾಗ ಇಳಕೋತಿ, ತಿರುಗಿ ಯಾವಾಗ ಹೋಗ್ತಿ, ಇಷ್ಟ.”

“ನಿಮ್ಮ ಅತ್ತಿ ಹೆಸರು ಹೇಳ್ತೀನಿ. ತಿರುಗಿ ಹೋಗೂದಿಲ್ಲ ಅಂತೀನಿ. ಬಿಡ್ತಾರ?”

ಭೂಮಿಯ ಮೇಲಿನ ಸಕಲ ದೂತಾವಾಸಗಳೂ ಕದ ಮುಚ್ಚುವ ಉತ್ತರ ಅದು. “ಅಲ್ಲೆ ಹಂಗ ಅಂದವರನ್ನ ಬಿಡ್ತಾರ,” ಎಂದೆ.

“ಮತ್ತ ನಿನ್ನ ಯಾಕ ತಿರುಗಿ ಕಳಿಸಿದ್ರು?”

“ನನ್ನ ಕಾಗದಾ ಸರಿ ಇಲ್ಲಂದ್ರು ಮಾಮಾ.”

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. “ಸಣ್ಣಾಂವ ಇದ್ದಾಗಿಂದ ಹಿಂಗ ಲೇ ನೀ! ಸತ್ತರೂ ಒಂದ ಕೆಲಸಾ ನೆಟ್ಟಗ ಮಾಡ್ಲಿಲ್ಲ.”

ಹೊತ್ತು ವಾಲಿತು. ಎದ್ದವನು ನಾಲಿಗೆಯ ರೂಢಿಯಂತೆ “ಬರ್ತೀನಿ ಮಾಮಾ” ಎಂದುಬಿಟ್ಟೆ. ನಮ್ಮಲ್ಲಿ ಹೊರಡುವಾಗ ಹೋಗ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕು. ಸಾವಾದ ಮನೆಯಲ್ಲಿ ಮಾತ್ರ ಬರ್ತೀನಿ ಎನ್ನಬಾರದು, ಮಾತಿಲ್ಲದೆ ಏಳಬೇಕು. ಇದು ಯಾವ ಮನೆಯೆಂದು ನನಗೆ ಹೊಳೆಯುವ ಮುನ್ನವೇ ಮಾವ ನನ್ನ ಕೈ ಒತ್ತಿದ.

“ನೀ ಯಾಕ ಬರ್ತಿ? ಅಲ್ಲೇ ಬಾಗಲದಾಗ ನಿಂತಿರು. ನಾನ ಬರ್ತೀನಿ. ನಿಮ್ಮ ಅತ್ತಿಗೆ ಹೇಳಿ ನಿನ್ನೂ ಒಳಗ ಕರಸ್ತೀನಿ.”

ಅಂದಿನಿಂದ ಮಾವ ಅಳುವುದಿಲ್ಲವಂತೆ. ಉಣ್ಣುತ್ತಾನೆ, ತಲೆ ಬಾಚಿಕೊಳ್ಳುತ್ತಾನೆ, ಊರಿಗೆ ಹೊರಟವನಂತೆ ಶುಭ್ರವಾಗಿ ಕೂರುತ್ತಾನೆ. “ಈಗರ ಖರೇ ಹೇಳ್ಲ್ಯಾ?” ಎಂದು ಅಕ್ಕ ಕೇಳಿದಳು. “ಬ್ಯಾಡ,” ಎಂದೆ. ಮಾವನ ಲೆಕ್ಕದಲ್ಲಿ ಸತ್ತವನಾಗಿಯೇ ಇರುವುದು ನನಗೇನೂ ಕಷ್ಟದ ಕೆಲಸವಲ್ಲ. ಕಷ್ಟವೆಲ್ಲ ಮುಂದಿನದು. ಒಂದು ದಿನ ಮಾವ ಆ ಬಾಗಿಲು ಮುಟ್ಟುತ್ತಾನೆ, ನಾನು ಅಲ್ಲಿರುವುದಿಲ್ಲ. ಮಾವನನ್ನು ನಾನು ಬಲ್ಲೆ. ನನ್ನನ್ನು ಬಿಟ್ಟು ಅವನು ಒಬ್ಬನೇ ಒಳಗೆ ಹೋಗುವವನಲ್ಲ.